ಜಾನ್ ಟಿಂಡಾಲ್: ಧೂಳಿನ ಮೇಲೆ ಬೆಳಕು ಹಿಡಿದ ಶಿಕ್ಷಕ

ಹಿನ್ನೆಲೆ

ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಕೆಲವು ಹೆಸರುಗಳು ಮನುಷ್ಯರ ಹೆಸರಾಗಿ ಉಳಿಯದೆ ಬರೀ ಪದಗಳಾಗಿಬಿಟ್ಟಿವೆ. ಓಮ್, ಜೌಲ್, ಆಂಪಿಯರ್ ಹೇಗೋ ಟಿಂಡಾಲ್ ಕೂಡ ಹಾಗೆಯೇ. ಕಲಿಲದ ಕಣಗಳು ಬೆಳಕನ್ನು ಚದುರಿಸುವುದರಿಂದ ಬೆಳಕಿನ ಹಾದಿ ಕಣ್ಣಿಗೆ ಕಾಣುತ್ತದೆ, ಇದೇ ಟಿಂಡಾಲ್ ಪರಿಣಾಮ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಗೆ ನೆನಪಿಟ್ಟುಕೊಳ್ಳುತ್ತಾರೆ. ಆ ಹೆಸರಿನ ಹಿಂದೆ ಯಾರಿದ್ದರು ಎಂದು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಸಿಂಧನೂರು ಸೀಮೆಯ ಗೊರೇಬಾಳದಲ್ಲಿ ಅಭ್ಯಾಸ ಬೋಧನೆ ಮಾಡುವಾಗ ನನ್ನ ಪಾಲಿಗೆ ಬಂದದ್ದು ಇದೇ ಪಾಠ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಈ ಕಡೆ ಭತ್ತದ ರಾಶಿಯ ದಿನಗಳಲ್ಲಿ ಧೂಳು ಎಲ್ಲೆಲ್ಲೂ ಇರುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲನ್ನು ನೋಡದ ಮಗು ಆ ತರಗತಿಯಲ್ಲಿ ಇರಲಿಲ್ಲ. ಹೀಗಾಗಿ ಉದಾಹರಣೆಗೆ ನಾನು ದೂರ ಹೋಗಬೇಕಾಗಲಿಲ್ಲ. ಬೆಳಕು ಬಿದ್ದರೆ ಧೂಳು ಕಾಣುತ್ತದೆ ನಿಜ, ಆದರೆ ಬೆಳಕಿಗೆ ಧೂಳನ್ನು ಸರಿಸಲು ಆಗುತ್ತದೆಯೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಪಾಠಯೋಜನೆಯ ಯಾವ ಕಾಲಂನಲ್ಲಿಯೂ ಆ ಪ್ರಶ್ನೆ ಇರಲಿಲ್ಲ. ಉತ್ತರ ಹುಡುಕುತ್ತಾ ಓದಿದಾಗ ಟಿಂಡಾಲರ ಬದುಕೇ ಎದುರಿಗೆ ಬಂತು. ಅವರೂ ನಮ್ಮ ಹಾಗೆ ಗಣಿತ ಕಲಿಸುವ ಶಿಕ್ಷಕರಾಗಿ ಒಂದು ಶಾಲೆಗೆ ಸೇರಿದವರು ಎಂದು ತಿಳಿದ ಮೇಲೆ, ಅವರ ಜೀವನವನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದೆ ಇಡಬೇಕೆನಿಸಿತು.

ಬಾಲ್ಯ ಮತ್ತು ಮೊದಲ ಉದ್ಯೋಗ

ಜಾನ್ ಟಿಂಡಾಲ್ ಹುಟ್ಟಿದ್ದು 1820ರ ಆಗಸ್ಟ್ 2ರಂದು, ಐರ್ಲೆಂಡಿನ ಕಾರ್ಲೋ ಪ್ರಾಂತ್ಯದ ಲೀಲಿನ್‌ಬ್ರಿಜ್ ಎಂಬ ಸಣ್ಣ ಊರಿನಲ್ಲಿ. ತಂದೆ ಪೊಲೀಸ್ ಪೇದೆ. ಮನೆಯಲ್ಲಿ ಹಣವಿರಲಿಲ್ಲ, ಓದಿನ ಮೇಲೆ ಆಸೆಯಿತ್ತು. ಮನೆಯವರು ಪ್ರಾಟೆಸ್ಟೆಂಟ್ ಪಂಥದವರು. ಆ ಕಾಲದ ಐರ್ಲೆಂಡಿನಲ್ಲಿ ಪಂಥಭೇದ ಬಹಳ ಗಟ್ಟಿಯಾಗಿತ್ತು. ಆದರೂ ತಂದೆ ಮಗನನ್ನು ಜಾನ್ ಕಾನ್‌ವಿಲ್ ಎಂಬ ಕ್ಯಾಥೊಲಿಕ್ ಮೇಷ್ಟರ ಶಾಲೆಗೆ ಕಳಿಸಿದರು. ಆ ಮೇಷ್ಟರು ಗಣಿತ ಮತ್ತು ಭೂಮಾಪನ ಚೆನ್ನಾಗಿ ಕಲಿಸುತ್ತಿದ್ದರು. ಮುಂದೆ ಹುಡುಗನಿಗೆ ಅನ್ನ ಕೊಟ್ಟಿದ್ದು ಅದೇ ವಿದ್ಯೆ.

1839ರಲ್ಲಿ ಟಿಂಡಾಲ್ ಐರ್ಲೆಂಡಿನ ಸರ್ಕಾರಿ ಭೂಮಾಪನ ಇಲಾಖೆಗೆ ಸೇರಿದರು. 1842ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್‌ಗೆ ವರ್ಗವಾಯಿತು. ಅಲ್ಲಿ ಐರಿಷ್ ನೌಕರರ ಸಂಬಳ ಮತ್ತು ಕೆಲಸದ ಸ್ಥಿತಿಯ ಬಗ್ಗೆ ಸಹೋದ್ಯೋಗಿಗಳ ಜೊತೆ ಸೇರಿ ದನಿ ಎತ್ತಿದ್ದಕ್ಕೆ 1843ರಲ್ಲಿ ಕೆಲಸ ಹೋಯಿತು. ಮುಂದೆ ಕೆಲವು ವರ್ಷ, ಇಂಗ್ಲೆಂಡಿನಲ್ಲಿ ರೈಲುದಾರಿಗಳ ಭರಾಟೆ ಇದ್ದಾಗ, ಅವುಗಳ ಸರ್ವೆ ಮಾಡಿದರು. ಸಂಪಾದನೆ ಚೆನ್ನಾಗಿತ್ತು. ಆ ಭರಾಟೆ ಇಳಿದಾಗ ಮತ್ತೆ ದಾರಿ ಹುಡುಕಬೇಕಾಯಿತು.

ಕ್ವೀನ್‌ವುಡ್ ಶಾಲೆಯ ಶಿಕ್ಷಕ

1847ರಲ್ಲಿ ಹ್ಯಾಂಪ್‌ಷೈರ್‌ನ ಕ್ವೀನ್‌ವುಡ್ ಕಾಲೇಜು ಎಂಬ ಶಾಲೆಯಲ್ಲಿ ಟಿಂಡಾಲ್ ಗಣಿತ ಶಿಕ್ಷಕರಾದರು. ರಸಾಯನಶಾಸ್ತ್ರ ಕಲಿಸಲು ಎಡ್ವರ್ಡ್ ಫ್ರಾಂಕ್‌ಲೆಂಡ್ ಅಲ್ಲಿಗೆ ಬಂದರು. ಇಂಗ್ಲೆಂಡಿನ ಶಾಲೆಗಳಲ್ಲಿ ವಿಜ್ಞಾನಕ್ಕೆ ಜಾಗವೇ ಇಲ್ಲದ ಕಾಲ ಅದು. ಕ್ವೀನ್‌ವುಡ್‌ನಲ್ಲಿ ಮಕ್ಕಳು ಪ್ರಯೋಗಾಲಯದಲ್ಲಿ ತಾವೇ ಕೈಯಿಟ್ಟು ಕಲಿಯುತ್ತಿದ್ದರು, ಭೂಮಾಪನ ಕಲಿಯಲು ಬಯಲಿಗೆ ಹೋಗುತ್ತಿದ್ದರು. ಇಂದು ನಾವು ಮಾಡಿ ಕಲಿ, ರಚನಾವಾದ ಎಂದು ಹೆಸರಿಟ್ಟು ಓದುವ ಸಂಗತಿಗಳನ್ನು ಈ ಇಬ್ಬರು ಯುವ ಶಿಕ್ಷಕರು ಹೆಸರಿಲ್ಲದೆಯೇ ಮಾಡುತ್ತಿದ್ದರು. ಸಂಜೆ ಹೊತ್ತು ಇವರು ಅವರಿಗೆ ಗಣಿತ, ಅವರು ಇವರಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದರು.

ಕಲಿಸುತ್ತಾ ಹೋದಂತೆ ತಾವು ಕಲಿತದ್ದು ಸಾಲದು ಎಂದು ಇಬ್ಬರಿಗೂ ಅನ್ನಿಸಿತು. 1848ರಲ್ಲಿ ಇಬ್ಬರೂ ಜರ್ಮನಿಯ ಮಾರ್ಬುರ್ಗ್ ವಿಶ್ವವಿದ್ಯಾಲಯಕ್ಕೆ ಹೋದರು. ನಮ್ಮ ಪ್ರಯೋಗಾಲಯದ ಬರ್ನರ್‌ಗೆ ಹೆಸರು ಕೊಟ್ಟ ಬುನ್ಸೆನ್ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಟಿಂಡಾಲ್ ತಮ್ಮ ಉಳಿತಾಯದ ಹಣದಲ್ಲಿ, ಆಗಷ್ಟೇ ಕಲಿತ ಭಾಷೆಯಲ್ಲಿ ಹಗಲಿರುಳು ಓದಿ 1850ರಲ್ಲಿ ಡಾಕ್ಟರೇಟ್ ಪಡೆದರು. ಆಗ ಅವರಿಗೆ ಸುಮಾರು ಮೂವತ್ತು ವರ್ಷ. ಮರಳಿ ಬಂದು ಮತ್ತೆ ಕ್ವೀನ್‌ವುಡ್‌ನಲ್ಲಿಯೇ ಪಾಠ ಮಾಡಿದರು.

1853ರ ಫೆಬ್ರುವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರು ಮೊದಲ ಶುಕ್ರವಾರದ ಉಪನ್ಯಾಸ ಕೊಟ್ಟರು. ಮೈಕೆಲ್ ಫ್ಯಾರಡೆ ಇದ್ದ ಸಂಸ್ಥೆ ಅದು. ಆ ಒಂದು ಉಪನ್ಯಾಸ ಅವರ ಬದುಕನ್ನೇ ಬದಲಿಸಿತು. ಅದೇ ವರ್ಷ ಅವರನ್ನು ಅಲ್ಲಿ ಪ್ರಾಧ್ಯಾಪಕರನ್ನಾಗಿ ಆರಿಸಿದರು. 1887ರಲ್ಲಿ ನಿವೃತ್ತರಾಗುವವರೆಗೂ ಅದೇ ಅವರ ಮನೆಯಾಯಿತು. ಮಕ್ಕಳಿಗಾಗಿ ಅಲ್ಲಿ ನಡೆಯುವ ಕ್ರಿಸ್‌ಮಸ್ ಉಪನ್ಯಾಸಗಳನ್ನು ಹಲವು ವರ್ಷ ಅವರೇ ನಡೆಸಿಕೊಟ್ಟರು. ಪ್ರಯೋಗ ಮಾಡಿ ತೋರಿಸದೆ ಅವರು ಮಾತಾಡುತ್ತಿರಲಿಲ್ಲ. 1854ರಲ್ಲಿ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಹೋಗುವುದನ್ನು ಸಭೆಗೆ ತೋರಿಸಿದ್ದರು. ಪೂರ್ಣ ಆಂತರಿಕ ಪ್ರತಿಫಲನದ ಪಾಠದಲ್ಲಿ ಇಂದಿಗೂ ಒಂದು ಪ್ಲಾಸ್ಟಿಕ್ ಬಾಟಲಿ ಮತ್ತು ಟಾರ್ಚಿನಿಂದ ಈ ಪ್ರಯೋಗ ಮಾಡಬಹುದು.

ಶಾಖ, ಬೆಳಕು, ಕಣ

1859ರಿಂದ ಟಿಂಡಾಲ್ ಅನಿಲಗಳು ಶಾಖದ ಕಿರಣಗಳನ್ನು ಹೇಗೆ ಹೀರುತ್ತವೆ ಎಂದು ಅಳೆಯತೊಡಗಿದರು. ಆಕ್ಸಿಜನ್ ಮತ್ತು ನೈಟ್ರೋಜನ್ ಹೆಚ್ಚುಕಡಿಮೆ ಹೀರುವುದೇ ಇಲ್ಲ, ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಚೆನ್ನಾಗಿ ಹೀರುತ್ತವೆ ಎಂದು ತೋರಿಸಿದರು. ಭೂಮಿ ಬೆಚ್ಚಗಿರುವುದರ ಕಾರಣ ಇದರಲ್ಲಿದೆ. ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ 1856ರಲ್ಲಿಯೇ ಬಿಸಿಲಿನಲ್ಲಿ ಅನಿಲದ ಕೊಳವೆಗಳನ್ನಿಟ್ಟು ಇದೇ ದಿಕ್ಕಿನ ಫಲಿತಾಂಶ ಪ್ರಕಟಿಸಿದ್ದರು ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಅನಿಲಗಳನ್ನು ಅಳೆಯುವ ಕೊಳವೆಯಲ್ಲಿ ಧೂಳು ಇರಬಾರದು. ಗಾಳಿ ಶುದ್ಧವಾಗಿದೆಯೇ ಎಂದು ನೋಡಲು ಅವರು ತೀಕ್ಷ್ಣವಾದ ಬೆಳಕಿನ ಕಿರಣಪುಂಜವನ್ನು ಹಾಯಿಸುತ್ತಿದ್ದರು. ಧೂಳಿದ್ದರೆ ಕಿರಣದ ಹಾದಿ ಹೊಳೆಯುತ್ತದೆ, ಇಲ್ಲದಿದ್ದರೆ ಕತ್ತಲು. ಅಂದರೆ ಟಿಂಡಾಲ್ ಪರಿಣಾಮ ಅವರಿಗೆ ಬರೀ ವ್ಯಾಖ್ಯೆಯಾಗಿರಲಿಲ್ಲ, ಗಾಳಿ ಸ್ವಚ್ಛವೋ ಅಲ್ಲವೋ ಎಂದು ಹೇಳುವ ಪರೀಕ್ಷೆಯಾಗಿತ್ತು. 1868ರ ಸುಮಾರಿಗೆ ಅವರು ಇನ್ನೊಂದು ಸೋಜಿಗ ಕಂಡರು. ಕೆಲವು ರಾಸಾಯನಿಕಗಳ ಆವಿಯ ಮೇಲೆ ಬೆಳಕು ಬಿದ್ದಾಗ ಅದು ಒಡೆದು, ಏನೂ ಇಲ್ಲದ ಕೊಳವೆಯಲ್ಲಿ ಸಣ್ಣ ಕಣಗಳ ಮೋಡ ಹುಟ್ಟುತ್ತಿತ್ತು. ಕಣಗಳು ತೀರಾ ಸಣ್ಣವಿದ್ದಾಗ ಮೋಡ ನೀಲಿಯಾಗಿರುತ್ತಿತ್ತು, ಬೆಳೆದಂತೆ ಬೆಳ್ಳಗಾಗುತ್ತಿತ್ತು. ಆಕಾಶ ನೀಲಿಯಾಗಿರುವುದೂ ಇಂಥ ಸಣ್ಣ ಕಣಗಳಿಂದಲೇ ಎಂದು ಅವರು ಭಾವಿಸಿದರು. ಅದಕ್ಕೆ ಧೂಳು ಬೇಕಿಲ್ಲ, ಗಾಳಿಯ ಅಣುಗಳೇ ಸಾಕು ಎಂದು ಮುಂದೆ ರ‍್ಯಾಲೆ ತೋರಿಸಿದರು. ಆ ದಾರಿಯಲ್ಲೇ ಮುಂದುವರಿದ ಸಿ. ವಿ. ರಾಮನ್ 1928ರಲ್ಲಿ ತಮ್ಮ ಪರಿಣಾಮವನ್ನು ಕಂಡರು.

ಬೆಳಕಿನ ಹಾದಿಯಲ್ಲಿ ಕಪ್ಪು ಹೊಗೆ

ನನಗೆ ಅತಿ ಮುಖ್ಯವೆನಿಸಿದ ಘಟನೆ 1870ರ ಜನವರಿಯದು. ಧೂಳು ಮತ್ತು ರೋಗಗಳ ಬಗ್ಗೆ ಟಿಂಡಾಲ್ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಉಪನ್ಯಾಸ ಕೊಟ್ಟರು. ಅದಕ್ಕೂ ಮೊದಲು ಧೂಳಿನ ಗಾಳಿಯನ್ನು ಕಾದ ಪ್ಲಾಟಿನಮ್ ಕೊಳವೆಯ ಮೂಲಕ ಹಾಯಿಸಿದರೆ ಧೂಳು ಮಾಯವಾಗುವುದನ್ನು ಅವರು ಕಂಡಿದ್ದರು. ಧೂಳಿನ ಬಹುಪಾಲು ಸುಡಬಲ್ಲ ಸಾವಯವ ವಸ್ತು ಎಂದು ಅದರಿಂದ ತಿಳಿಯಿತು. ಈಗ ಹೊಳೆಯುವ ಕಿರಣದ ಕೆಳಗೆ ಒಂದು ಸ್ಪಿರಿಟ್ ದೀಪ ಇಟ್ಟರು. ಜ್ವಾಲೆಯ ಸುತ್ತ, ಮೇಲೆ, ಕಪ್ಪು ಹೊಗೆಯಂಥ ಸುರುಳಿಗಳು ಏಳತೊಡಗಿದವು.

ಧೂಳು ಸುಟ್ಟು ಹೊಗೆಯಾಗುತ್ತಿದೆ ಎಂದು ಹೇಳಿ ಮುಂದೆ ಹೋಗಬಹುದಿತ್ತು. ಅವರು ಹೋಗಲಿಲ್ಲ. ಹೊಗೆಯೇ ಬಾರದ ಹೈಡ್ರೋಜನ್ ಜ್ವಾಲೆಯನ್ನಿಟ್ಟು ನೋಡಿದರು, ಕಪ್ಪು ಸುರುಳಿ ಬಂತು. ಜ್ವಾಲೆಯನ್ನೇ ತೆಗೆದು ಕೆಂಪಗೆ ಕಾದ ಕಬ್ಬಿಣದ ಸಲಾಕೆ ಇಟ್ಟರು, ಆಗಲೂ ಬಂತು. ಧೂಳನ್ನು ಸುಡುವಷ್ಟು ಬಿಸಿಯಿಲ್ಲದ ತಾಮ್ರದ ಗುಂಡನ್ನಿಟ್ಟರೂ ಬಂತು. ಹಾಗಾದರೆ ಅದು ಹೊಗೆಯಲ್ಲ, ಸುಡುವಿಕೆಯ ಫಲವೂ ಅಲ್ಲ. ಅದು ಧೂಳೇ ಇಲ್ಲದ ಗಾಳಿ. ಚದುರಿಸಲು ಕಣವಿಲ್ಲದ ಕಡೆ ಬೆಳಕು ಕಾಣದೆ ಕಪ್ಪಾಗಿ ತೋರುತ್ತಿತ್ತು. ಬಿಸಿ ವಸ್ತುವಿನ ಹತ್ತಿರದಿಂದ ಧೂಳು ಹೇಗೋ ದೂರವಾಗಿತ್ತು.

ಹೇಗೆ? ಬಿಸಿಯಾದ ಗಾಳಿ ಹಗುರಾಗಿ ಮೇಲೇರುವುದನ್ನು ಹಿಡಿದು ಟಿಂಡಾಲ್ ಒಂದು ವಿವರಣೆ ಕೊಟ್ಟರು. ಅದು ಪೂರ್ಣವಾಗಿರಲಿಲ್ಲ. 1880ರ ದಶಕದಲ್ಲಿ ರ‍್ಯಾಲೆ, ಆಲಿವರ್ ಲಾಜ್, ಜಾನ್ ಐಟ್ಕೆನ್ ಇದೇ ಕಪ್ಪು ಜಾಗವನ್ನು ಮತ್ತೆ ಪರೀಕ್ಷಿಸಿದರು. ಇಂದಿನ ವಿವರಣೆ ಹೀಗಿದೆ: ಗಾಳಿಯಲ್ಲಿ ತೇಲುವ ಕಣಕ್ಕೆ ಎಲ್ಲ ಕಡೆಯಿಂದಲೂ ಅಣುಗಳು ಬಡಿಯುತ್ತವೆ. ಬಿಸಿಯ ಕಡೆಯಿಂದ ಬರುವ ಅಣುಗಳ ವೇಗ ಹೆಚ್ಚು, ಬಡಿತ ಜೋರು. ತಂಪಿನ ಕಡೆಯಿಂದ ಬರುವ ಬಡಿತ ಸಾವಕಾಶ. ಆದ್ದರಿಂದ ಕಣ ತಂಪಿನ ಕಡೆಗೆ ಸರಿಯುತ್ತದೆ. ಇದಕ್ಕೆ ಥರ್ಮೋಫೊರೆಸಿಸ್ ಎನ್ನುತ್ತಾರೆ, ಉಷ್ಣಚಲನೆ ಎಂದು ಕರೆಯಬಹುದು. ನಮ್ಮ ಮನೆಗಳ ದೀಪದ ಗೂಡಿನ ಗೋಡೆಗೆ ಮಸಿ ಅಂಟುವುದರಲ್ಲಿ ಇದರ ಪಾಲೂ ಇದೆ. ಬಿಸಿ ಗಾಳಿಯಲ್ಲಿರುವ ಮಸಿಯ ಕಣ ತಂಪಾದ ಗೋಡೆಯ ಕಡೆಗೆ ತಳ್ಳಲ್ಪಡುತ್ತದೆ.

ಉಸಿರು, ಹುಲ್ಲು, ಕುದಿಸುವಿಕೆ

ಅದೇ ಉಪನ್ಯಾಸದಲ್ಲಿ ಟಿಂಡಾಲ್ ಒಂದು ಗಾಜಿನ ಕೊಳವೆಯ ಮೂಲಕ ಕಿರಣದ ಮೇಲೆ ಉಸಿರು ಬಿಟ್ಟರು. ಮೊದಲು ಹೆಚ್ಚೇನೂ ಬದಲಾಗಲಿಲ್ಲ. ಉಸಿರು ಮುಗಿಯುತ್ತಾ ಬಂದಂತೆ, ಅಂದರೆ ಶ್ವಾಸಕೋಶದ ಆಳದ ಗಾಳಿ ಹೊರಬಂದಾಗ, ಕಿರಣ ಕಪ್ಪಾಯಿತು. ಆ ಗಾಳಿಯಲ್ಲಿ ಧೂಳಿರಲಿಲ್ಲ. ಒಳಗೆ ಹೋದ ಧೂಳು ಒಳಗೇ ಉಳಿದಿತ್ತು. ಮೂಗಿಗೆ ಹತ್ತಿ ಹಿಡಿದು ಉಸಿರಾಡಿದರೆ ಹತ್ತಿಯೇ ಧೂಳನ್ನು ತಡೆಯುವುದನ್ನೂ ಅವರು ತೋರಿಸಿದರು. ಮುಂದೆ ಬೆಂಕಿ ಆರಿಸುವ ಸಿಬ್ಬಂದಿಗಾಗಿ ಹತ್ತಿ, ಗ್ಲಿಸರಿನ್ ಮತ್ತು ಇದ್ದಿಲು ಬಳಸಿದ ಉಸಿರುಸಾಧನವನ್ನು ರೂಪಿಸಿದರು. ತಂದೆ ತಾಯಿ ರಾಶಿ ತೂರುವ, ಅಕ್ಕಿ ಗಿರಣಿಯಲ್ಲಿ ದುಡಿಯುವ ಮಕ್ಕಳು ನಮ್ಮ ತರಗತಿಗಳಲ್ಲಿ ಇದ್ದಾರೆ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ನೂರು ಸಲ ಹೇಳುವುದಕ್ಕಿಂತ ಈ ಕಪ್ಪಾದ ಕಿರಣದ ಕಥೆ ಒಂದು ಸಲ ಹೇಳಿದರೆ ಹೆಚ್ಚು ತಟ್ಟುತ್ತದೆ ಎಂದು ನನ್ನ ನಂಬಿಕೆ.

ಜೀವಿಗಳು ಕೊಳೆತದ್ದರಲ್ಲಿ ತಾವಾಗಿಯೇ ಹುಟ್ಟುತ್ತವೆಯೇ ಎಂಬ ವಾದ ಆಗ ಜೋರಾಗಿತ್ತು. ಟಿಂಡಾಲ್ ಪಾಶ್ಚರ್ ಅವರ ಪಕ್ಷ. ಗಾಜಿನ ಕಿಟಕಿಗಳಿದ್ದ ಮರದ ಪೆಟ್ಟಿಗೆಯ ಒಳಮೈಗೆ ಗ್ಲಿಸರಿನ್ ಹಚ್ಚಿ ಕೆಲವು ದಿನ ಮುಚ್ಚಿಟ್ಟರು. ತೇಲುವ ಧೂಳೆಲ್ಲ ಕುಳಿತು ಗ್ಲಿಸರಿನ್‌ಗೆ ಅಂಟಿಕೊಂಡಿತು. ಕಿರಣ ಹಾಯಿಸಿದರೆ ಹಾದಿ ಕಾಣಲಿಲ್ಲ. ಆ ಪೆಟ್ಟಿಗೆಯಲ್ಲಿ ಕುದಿಸಿಟ್ಟ ಮಾಂಸ, ತರಕಾರಿಗಳ ರಸ ತಿಂಗಳುಗಟ್ಟಲೆ ಕೆಡಲಿಲ್ಲ. ಹೊರಗಿನ ಗಾಳಿಯಲ್ಲಿಟ್ಟದ್ದು ಕೆಲವೇ ದಿನಗಳಲ್ಲಿ ಕೆಟ್ಟಿತು.

ಆದರೆ ಮುಂದೆ ಪ್ರಯೋಗಾಲಯಕ್ಕೆ ಒಣಹುಲ್ಲು ಬಂತು. ಹುಲ್ಲಿನ ಕಷಾಯ ಎಷ್ಟು ಕುದಿಸಿದರೂ ಕೆಡತೊಡಗಿತು. ಅಷ್ಟೇ ಅಲ್ಲ, ಅದೇ ಕೋಣೆಯಲ್ಲಿ ಮೊದಲು ಚೆನ್ನಾಗಿ ಉಳಿದಿದ್ದ ಬೇರೆ ರಸಗಳೂ ಕೆಟ್ಟವು. ಎದುರಾಳಿಗಳಿಗೆ ಇದೇ ಬೇಕಿತ್ತು. ಟಿಂಡಾಲ್ ಪ್ರಯೋಗವನ್ನು ಹುಲ್ಲಿಲ್ಲದ ಜಾಗಕ್ಕೆ, ಕ್ಯೂ ಉದ್ಯಾನದ ಪ್ರಯೋಗಾಲಯಕ್ಕೆ ಒಯ್ದು ಮತ್ತೆ ಮಾಡಿದರು. ಅಲ್ಲಿ ರಸಗಳು ಉಳಿದವು. ಹಳೆಯ ಹುಲ್ಲಿನ ಬ್ಯಾಕ್ಟೀರಿಯಗಳಿಗೆ ಶಾಖವನ್ನು ತಡೆಯುವ ಒಂದು ಗಟ್ಟಿ ಸ್ಥಿತಿ ಇದೆ, ಅದು ಮೊಳೆತ ಮೇಲೆ ಮಾತ್ರ ಶಾಖಕ್ಕೆ ಸಾಯುತ್ತದೆ ಎಂದು ಅವರಿಗೆ ಹೊಳೆಯಿತು. ಅದಕ್ಕೇ ಒಂದೇ ಸಲ ಗಂಟೆಗಟ್ಟಲೆ ಕುದಿಸುವ ಬದಲು, ಸ್ವಲ್ಪ ಹೊತ್ತು ಕುದಿಸಿ, ಬಿಟ್ಟು, ಮೊಳೆಯಲು ಸಮಯ ಕೊಟ್ಟು, ಮತ್ತೆ ಕುದಿಸಿದರು. ಕಷಾಯ ಕೆಡಲಿಲ್ಲ. 1877ರ ಈ ವಿಧಾನಕ್ಕೆ ಇಂದಿಗೂ ಟಿಂಡಲೈಸೇಷನ್ ಎಂಬ ಹೆಸರಿದೆ. ಆ ಗಟ್ಟಿ ಸ್ಥಿತಿಯನ್ನು ನಾವು ಬೀಜಕಣ ಎನ್ನುತ್ತೇವೆ.

ಕೊನೆಯ ವರ್ಷಗಳು

ಟಿಂಡಾಲ್ ಬರೀ ಪ್ರಯೋಗಾಲಯದ ಮನುಷ್ಯರಲ್ಲ. ಆಲ್ಪ್ಸ್ ಪರ್ವತಗಳ ಹಿಮನದಿಗಳನ್ನು ಅಭ್ಯಾಸ ಮಾಡಲು ಹೋಗಿ ಪರ್ವತಾರೋಹಿಯಾದರು. 1861ರಲ್ಲಿ ವೈಸ್‌ಹಾರ್ನ್ ಶಿಖರವನ್ನು ಮೊದಲು ಏರಿದ ತಂಡ ಅವರದು. 1872-73ರಲ್ಲಿ ಅಮೆರಿಕದಲ್ಲಿ ಬೆಳಕಿನ ಬಗ್ಗೆ ಉಪನ್ಯಾಸ ಮಾಡಿ ಬಂದ ಲಾಭವನ್ನು ಅಲ್ಲಿಯೇ ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಬಿಟ್ಟು ಬಂದರು. 1874ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಮಾಡಿದ ಅಧ್ಯಕ್ಷ ಭಾಷಣದಲ್ಲಿ, ಪ್ರಕೃತಿಯ ಪ್ರಶ್ನೆಗಳನ್ನು ವಿಜ್ಞಾನವೇ ಬಿಡಿಸಬೇಕು, ಧರ್ಮಪೀಠಗಳಲ್ಲ ಎಂಬ ನಿಲುವು ತೆಗೆದುಕೊಂಡು ದೊಡ್ಡ ವಿವಾದಕ್ಕೂ ಒಳಗಾದರು.

1876ರಲ್ಲಿ, ಐವತ್ತೈದನೆಯ ವಯಸ್ಸಿನಲ್ಲಿ, ಲೂಯಿಸಾ ಹ್ಯಾಮಿಲ್ಟನ್ ಅವರನ್ನು ಮದುವೆಯಾದರು. ಪ್ರಯೋಗ ಮತ್ತು ಬರವಣಿಗೆಯ ಕೆಲಸದಲ್ಲಿ ಅವರ ಪತ್ನಿಯೂ ಕೈಜೋಡಿಸಿದರು. ನಿದ್ರಾಹೀನತೆ ಟಿಂಡಾಲರನ್ನು ಬಹುಕಾಲ ಕಾಡಿತ್ತು. 1893ರ ಡಿಸೆಂಬರ್ 4ರಂದು ಹೊಟ್ಟೆಯ ಔಷಧವೆಂದು ತಿಳಿದು ಪತ್ನಿ ಕೊಟ್ಟದ್ದು ನಿದ್ರೆಯ ಔಷಧವಾದ ಕ್ಲೋರಲ್. ಕೂಡಲೇ ತಿಳಿದರೂ ಉಳಿಸಲಾಗಲಿಲ್ಲ. ಲೂಯಿಸಾ ಇನ್ನೂ ನಲವತ್ತಕ್ಕೂ ಹೆಚ್ಚು ವರ್ಷ ಬದುಕಿದ್ದು ಪತಿಯ ಕಾಗದಪತ್ರಗಳನ್ನು ಕಾಪಾಡಿದರು.

ನೂರು ವರ್ಷಗಳ ನಂತರ

ಈಗ ಗೊರೇಬಾಳದ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ. ಹೌದು, ಬೆಳಕು ಕಣವನ್ನು ಸರಿಸುತ್ತದೆ, ಎರಡು ರೀತಿಯಲ್ಲಿ. ಒಂದು, ಬೆಳಕಿನ ಸ್ವಂತ ಒತ್ತಡದಿಂದ. ಇನ್ನೊಂದು, ಬೆಳಕು ಹುಟ್ಟಿಸುವ ಬಿಸಿಯಿಂದ, ಅಂದರೆ ಟಿಂಡಾಲ್ ಕಂಡ ದಾರಿಯಿಂದ.

ಬೆಳಕಿನ ಒತ್ತಡ ಬಹಳ ಕಡಿಮೆ. ಒಂದು ಮಿಲಿವಾಟ್ ಬೆಳಕನ್ನು ಪೂರ್ತಿ ಹೀರಿದ ವಸ್ತುವಿಗೆ ಸಿಗುವ ತಳ್ಳು, ಶಕ್ತಿಯನ್ನು ಬೆಳಕಿನ ವೇಗದಿಂದ ಭಾಗಿಸಿದರೆ, ಸುಮಾರು 3.3 ಪಿಕೊನ್ಯೂಟನ್. ಇದು ನಮಗೆ ಏನೂ ಅಲ್ಲ. ಆದರೆ ಒಂದು ಮೈಕ್ರೊಮೀಟರ್ ವ್ಯಾಸದ, ನೀರಿನಷ್ಟೇ ಸಾಂದ್ರತೆಯ ಗುಂಡಿನ ತೂಕ ಸುಮಾರು 0.005 ಪಿಕೊನ್ಯೂಟನ್. ಅಂದರೆ ಅಷ್ಟೂ ಬೆಳಕು ಅದರ ಮೇಲೆಯೇ ಬಿದ್ದರೆ ತಳ್ಳು ತೂಕದ ಆರುನೂರು ಪಟ್ಟಿಗೂ ಹೆಚ್ಚು. ಹತ್ತನೆಯ ತರಗತಿಯ ಜಾಣ ಮಕ್ಕಳು ಮಾಡಬಹುದಾದ ಲೆಕ್ಕ ಇದು.

ಟಿಂಡಾಲರ ಉಪನ್ಯಾಸಕ್ಕೆ ಸರಿಯಾಗಿ ನೂರು ವರ್ಷದ ನಂತರ, 1970ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರ್ಥರ್ ಆಶ್ಕಿನ್ ಲೇಸರ್ ಕಿರಣದಿಂದ ನೀರಿನಲ್ಲಿದ್ದ ಸಣ್ಣ ಪ್ಲಾಸ್ಟಿಕ್ ಗುಂಡುಗಳನ್ನು ತಳ್ಳಿ ತೋರಿಸಿದರು. ಅವರಿಗೆ ಬಿಸಿ ಒಂದು ತೊಂದರೆ. ಬಿಸಿಯ ತಳ್ಳು ಬೆಳಕಿನ ತಳ್ಳನ್ನು ಮುಚ್ಚಿಹಾಕಬಾರದೆಂದು ಬೆಳಕನ್ನು ಹೀರದ ಪಾರದರ್ಶಕ ಗುಂಡುಗಳನ್ನೇ ಆರಿಸಿಕೊಂಡರು. 1986ರಲ್ಲಿ ಒಂದೇ ಕಿರಣದಲ್ಲಿ ಕಣವನ್ನು ಹಿಡಿದಿಡುವ ಬೆಳಕಿನ ಚಿಮಟ ಸಿದ್ಧವಾಯಿತು. ಮರುವರ್ಷ ಅದರಲ್ಲಿ ವೈರಸ್ಸನ್ನೂ ಜೀವಂತ ಬ್ಯಾಕ್ಟೀರಿಯವನ್ನೂ ಹಿಡಿದರು. ಜೀವಕೋಶ ಸಾಯದಿರಲೆಂದು ಅವಕೆಂಪು ಬೆಳಕು ಬಳಸಿದರು. 2018ರಲ್ಲಿ, 96ನೆಯ ವಯಸ್ಸಿನಲ್ಲಿ, ಅವರಿಗೆ ನೊಬೆಲ್ ಬಂತು.

ಇತ್ತೀಚೆಗೆ ಸಂಶೋಧಕರು ಆ ತೊಂದರೆಯನ್ನೇ ಉಪಾಯವಾಗಿ ಮಾಡಿಕೊಂಡಿದ್ದಾರೆ. ಬೆಳಕನ್ನು ಹೀರುವ ಚಿನ್ನದ ತೆಳು ಪದರದ ಮೇಲೆ ಮಂದ ಲೇಸರ್ ಬಿಟ್ಟರೆ ಒಂದು ಚುಕ್ಕಿಯಷ್ಟು ಜಾಗ ಬಿಸಿಯಾಗುತ್ತದೆ. ಸುತ್ತಲಿನ ದ್ರವದಲ್ಲಿ ಬಿಸಿ ತಂಪುಗಳ ವ್ಯತ್ಯಾಸ ಹುಟ್ಟಿ ಕಣಗಳು, ಜೀವಕೋಶಗಳು ಸರಿಯುತ್ತವೆ. ದ್ರವದಲ್ಲಿ ನಡೆಯುವುದು ಗಾಳಿಯಲ್ಲಿ ನಡೆದದ್ದಕ್ಕಿಂತ ಜಟಿಲ. ದ್ರವ ಮತ್ತು ಕಣದ ಮೇಲ್ಮೈಗೆ ತಕ್ಕಂತೆ ಕಣ ತಂಪಿನ ಕಡೆಗೂ ಹೋಗಬಹುದು, ಬಿಸಿಯ ಕಡೆಗೂ ಹೋಗಬಹುದು. ಇದರಿಂದ ಕಡಿಮೆ ಬೆಳಕಿನಲ್ಲಿ ಕೆಲಸವಾಗುತ್ತದೆ. ಆದರೆ ಜೀವಕೋಶ ಬೇಯದಂತೆ ಬಿಸಿಯ ಮೇಲೆ ಹಿಡಿತ ಬೇಕು.

ಈ ಕೆಲಸ ನಮ್ಮ ರಾಜ್ಯಕ್ಕೂ ದೂರದ್ದಲ್ಲ. ಮಣಿಪಾಲದಲ್ಲಿ ಒಂದೊಂದೇ ಕೆಂಪು ರಕ್ತಕಣವನ್ನು ಲೇಸರ್ ಚಿಮಟದಲ್ಲಿ ಹಿಡಿದು, ಅದು ಚದುರಿಸುವ ಬೆಳಕನ್ನು ರಾಮನ್ ಪರಿಣಾಮದ ಮೂಲಕ ಓದುವ ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಾಂತಕ್ಷೇತ್ರದಿಂದ ನಡೆಯುವ ಸೂಕ್ಷ್ಮ ಸುರುಳಿಯ ಜೊತೆ ಬೆಳಕಿನ ಹಿಡಿತವನ್ನು ಸೇರಿಸಿ, ಕಣವನ್ನು ಹಿಡಿದು ಬೇಕಾದಲ್ಲಿಗೆ ಒಯ್ಯುವ ನ್ಯಾನೊ ಚಿಮಟವನ್ನು 2018ರಲ್ಲಿ ಪ್ರಕಟಿಸಿದರು.

ತರಗತಿಗೆ ಇದರಿಂದ ಏನು?

ನನ್ನ ಮಟ್ಟಿಗೆ ಮೂರು ಸಂಗತಿಗಳು ಮುಖ್ಯ. ಮೊದಲನೆಯದು, ಹೆಸರಿಗಿಂತ ಮೊದಲು ದೃಶ್ಯ ಬರಲಿ. ಒಳಗೆ ಕಪ್ಪು ಕಾಗದ ಅಂಟಿಸಿದ ರಟ್ಟಿನ ಪೆಟ್ಟಿಗೆಗೆ ಒಂದು ತೂತು, ಪಕ್ಕದಲ್ಲಿ ನೋಡಲು ಇನ್ನೊಂದು, ಒಂದು ಟಾರ್ಚ್, ಸ್ವಲ್ಪ ಊದುಬತ್ತಿಯ ಹೊಗೆ ಇದ್ದರೆ ಕಿರಣ ಕಾಣುತ್ತದೆ. ಕಪ್ಪು ಸುರುಳಿಯನ್ನು ತೋರಿಸಬೇಕೆಂದರೆ ರಟ್ಟಿನಲ್ಲಿ ಬೇಡ. ಕತ್ತಲು ಮಾಡಿದ ಕೋಣೆಯಲ್ಲಿ ಮೇಜಿನ ಮೇಲೆ ಕಿರಣದ ಕೆಳಗೆ ಕಾದ ಕಬ್ಬಿಣದ ಸಲಾಕೆಯನ್ನು ಇಕ್ಕಳದಿಂದ ಶಿಕ್ಷಕರೇ ಹಿಡಿಯಬೇಕು. ಲೇಸರ್ ಪೆನ್ನನ್ನು ಮಕ್ಕಳ ಕೈಗೆ ಕೊಡಬಾರದು, ಕಣ್ಣಿಗೆ ಅಪಾಯ.

ಎರಡನೆಯದು, ಒಂದು ಸಲಕ್ಕೆ ಒಂದನ್ನೇ ಬದಲಿಸುವ ಅಭ್ಯಾಸ. ದೀಪ, ಹೈಡ್ರೋಜನ್, ಸಲಾಕೆ, ತಾಮ್ರದ ಗುಂಡು ಎಂಬ ಕ್ರಮವನ್ನು ಮಕ್ಕಳ ಮುಂದಿಟ್ಟು, ಪ್ರತಿ ಹೆಜ್ಜೆಯಲ್ಲಿ ಯಾವ ಊಹೆ ಬಿದ್ದುಹೋಯಿತು ಎಂದು ಅವರಿಂದಲೇ ಹೇಳಿಸಬಹುದು. ನಿಯಂತ್ರಿತ ಪ್ರಯೋಗದ ಬಗ್ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೂರನೆಯದು, ಅರ್ಧ ಉತ್ತರಕ್ಕೂ ಜಾಗವಿರಲಿ. ಆಕಾಶದ ನೀಲಿಯ ಬಗ್ಗೆಯೂ ಕಪ್ಪು ಸುರುಳಿಯ ಬಗ್ಗೆಯೂ ಟಿಂಡಾಲರ ವಿವರಣೆಗಳನ್ನು ಮುಂದಿನವರು ತಿದ್ದಬೇಕಾಯಿತು. ಆದರೆ ತಿದ್ದಲು ಬೇಕಾದ ವೀಕ್ಷಣೆಯನ್ನು ಸ್ಪಷ್ಟವಾಗಿ ಬರೆದಿಟ್ಟವರು ಅವರೇ. ಪಾಠಯೋಜನೆಯ ಮೌಲ್ಯಮಾಪನದ ಭಾಗದಲ್ಲಿ ಸರಿ ಉತ್ತರಗಳ ಜೊತೆಗೆ, ಆ ಅವಧಿಯಲ್ಲಿ ಉತ್ತರ ಸಿಗದೆ ಉಳಿದ ಮಕ್ಕಳ ಪ್ರಶ್ನೆಗಳಿಗೂ ಒಂದು ಸಾಲು ಮೀಸಲಿಡಬಹುದು ಎಂಬುದು ನನ್ನ ಸಲಹೆ. ಉಳಿದ ಪಾಠಗಳಲ್ಲಿ ನಾನು ಹಾಗೆ ಮಾಡುತ್ತಿದ್ದೇನೆ. ಆ ಸಾಲು ಖಾಲಿ ಉಳಿದ ದಿನ ಪಾಠ ಹೇಗೆ ನಡೆಯಿತೆಂದು ಮತ್ತೊಮ್ಮೆ ಯೋಚಿಸುತ್ತೇನೆ.